ಹಿಟ್ಟಿನ ವ್ಯಾನಿನ ಹತ್ತು ಬುಷ್‌ಗಳು

ಲಾಕ್‌ಡೌನುಗಳೆಲ್ಲ ಮುಗಿದು, ಮುಂದಕ್ಕೆ ಹಾಕಿದ್ದ ಮದುವೆಗಳು ಒಂದರ ಹಿಂದೊಂದು ನಡೆಯತೊಡಗಿದ ವರ್ಷ ಅದು. ಮುಳಬಾಗಿಲಿನಲ್ಲಿ ಹೆದ್ದಾರಿಯ ಸರ್ವೀಸ್ ರಸ್ತೆಗೆ ಅಂಟಿಕೊಂಡಿರುವ ನನ್ನ ಗ್ಯಾರೇಜಿಗೆ ಆಗ ಹದಿನೇಳು ವರ್ಷ, ನನಗೆ ನಲವತ್ತನಾಲ್ಕು. ಎಂಜಿನ್ ಕೆಲಸ ಮಾಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಸಸ್ಪೆನ್ಷನ್ ಕೆಲಸ, ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ಇರುವ ಸ್ಪ್ರಿಂಗು, ಆರ್ಮು, ಶಾಕ್ ಅಬ್ಸಾರ್ಬರುಗಳ ಕೆಲಸ ಬಂದರೆ ಮಾತ್ರ "ಷಫಿ ಗ್ಯಾರೇಜಿಗೆ ಹೋಗಿ" ಎನ್ನುತ್ತಿದ್ದರು. ಹಾಗೆನ್ನುತ್ತಾರೆಂದು ನನಗೂ ಗೊತ್ತಿತ್ತು. ಅದೇ ಸ್ವಲ್ಪ ತಲೆಗೇರಿತ್ತು.

ಆ ವರ್ಷ ಗ್ಯಾರೇಜಿಗೆ ಎರಡು ಕಂಬದ ಹೈಡ್ರಾಲಿಕ್ ಲಿಫ್ಟ್ ಹಾಕಿಸಿದ್ದೆ. ಸ್ವಿಚ್ ಒತ್ತಿದರೆ ಗಾಡಿ ನಾಲ್ಕು ಚಕ್ರ ಜೋಲುಬಿಟ್ಟುಕೊಂಡು ತಲೆಯ ಮಟ್ಟಕ್ಕೆ ಏರುತ್ತಿತ್ತು. ಅದುವರೆಗೆ ನಮ್ಮಲ್ಲಿದ್ದದ್ದು ಗುಂಡಿ. ಗಾಡಿಯನ್ನು ಮೇಲೆ ನಿಲ್ಲಿಸಿ, ಮೆಕ್ಯಾನಿಕ್ ಕೆಳಗಿಳಿದು ಅದರ ಹೊಟ್ಟೆಯ ಕೆಲಸ ಮಾಡುವ ಉದ್ದನೆಯ ಹಳ್ಳ. ಆಯಿಲ್ ಸೋರಿ ಜಾರುವ ನೆಲ, ಮಳೆ ಬಂದರೆ ಮೊಣಕಾಲುದ್ದ ನೀರು, ವರ್ಷಕ್ಕೆ ಎರಡು ಸಲವಾದರೂ ಚೇಳು. ಅದನ್ನು ಕಲ್ಲುಮಣ್ಣು ತುಂಬಿಸಿ ಮುಚ್ಚಿ ಮೇಲೆ ಕಾಂಕ್ರೀಟ್ ಹಾಕಿಸಿದ ದಿನ ನಾನು ಮನೆಗೆ ಮಿಠಾಯಿ ಒಯ್ದಿದ್ದೆ. ಲಿಫ್ಟಿನ ಮೇಲೆ ಮಾಡಿದ ಮೊದಲನೆಯ ದೊಡ್ಡ ಕೆಲಸವೇ ಈಗ ಹೇಳಹೊರಟಿರುವುದು.

ಮುನಿರತ್ನಮ್ಮನವರನ್ನು ಊರೆಲ್ಲ ರತ್ನಕ್ಕ ಎನ್ನುತ್ತದೆ. ಮದುವೆ, ಗೃಹಪ್ರವೇಶಗಳಿಗೆ ಮುಳಬಾಗಿಲು ದೋಸೆ ಮಾಡಿಕೊಡುವುದು ಅವರ ಕಸುಬು. ಗಂಡ ಚಲಪತಣ್ಣ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಒಂದೂ ಅಪಘಾತ ಮಾಡದ್ದಕ್ಕೆ ಇಲಾಖೆಯವರು ಕೊಟ್ಟ ಪದಕ ಅವರ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತಾಡುತ್ತದೆ. ನಿವೃತ್ತಿಯಾದ ಮೇಲೆ ಹೆಂಡತಿಯ ಹಳೆಯ ಬಿಳಿ ವ್ಯಾನಿಗೆ ಅವರೇ ಡ್ರೈವರ್. ಇಬ್ಬರೂ ಜಗಳವಾಡುತ್ತಾ ಬರುತ್ತಿದ್ದರು, ಜಗಳವಾಡುತ್ತಾ ಹೋಗುತ್ತಿದ್ದರು. ಜಗಳ ನಿಂತರೆ ಒಬ್ಬರಿಗೆ ಮೈ ಸರಿಯಿಲ್ಲವೆಂದು ತಿಳಿಯಬೇಕು.

ಅವರು ಗ್ಯಾರೇಜಿಗೆ ಬಂದ ದಿನ ಮಾತು ಶುರುಮಾಡಿದ್ದು ರತ್ನಕ್ಕನೇ.

"ಷಫಿ, ಗಾಡಿ ಕಡಕಡ ಅಂತದೆ. ಕೋಲಾರ ಮುಟ್ಟೋಷ್ಟ್ರಲ್ಲಿ ಹಿಟ್ಟು ಇಳ್ದೋಗ್ತದೆ. ಏನಾದ್ರೂ ಮಾಡು."

ಗಾಡಿಯ ತೊಂದರೆಯನ್ನು ಹಿಟ್ಟಿನ ಮೂಲಕ ಕೇಳಿದ್ದು ನನಗೆ ಅದೇ ಮೊದಲು. ಅವರು ವಿವರಿಸಿದರು. ರಾತ್ರಿಯೆಲ್ಲ ಹುದುಗಿದ ಹಿಟ್ಟಿನೊಳಗೆ ಗಾಳಿ ತುಂಬಿರುತ್ತದೆ. ಆ ಗಾಳಿಯಿಂದಲೇ ದೋಸೆಯ ಮೇಲೆ ತೂತು ಬೀಳುವುದು, ಕೆಳಗೆ ಗರಿಯಾಗಿ ಮೇಲೆ ಮೆತ್ತಗಿರುವುದು. ದಾರಿಯಲ್ಲಿ ಹಿಟ್ಟು ಅದಿರಿದರೆ ಗಾಳಿ ಹೊರಟುಹೋಗುತ್ತದೆ, ಡ್ರಮ್ಮಿನ ಕಂಠದವರೆಗೆ ಇದ್ದದ್ದು ಒಂದು ಗೇಣು ಕುಸಿಯುತ್ತದೆ. ಆಮೇಲೆ ಕಾವಲಿಯ ಮೇಲೆ ಹುಯ್ದರೆ ಬರುವುದು ದೋಸೆಯಲ್ಲ, ಚಕ್ಕಳ.

ಬುದ್ಧಿವಂತಿಕೆ ತೋರಿಸಲು ನಾನೊಂದು ಸಲಹೆ ಕೊಟ್ಟೆ. "ಅಕ್ಕ, ಮದುವೆ ಮನೇಲೇ ರುಬ್ಬಿ ಅಲ್ಲೇ ಹುದುಗಿಸಬಾರ್ದಾ?"

"ಮಾಲೂರು ನೀರಲ್ಲಿ ರುಬ್ಬಿದ್ರೆ ಅದು ಮಾಲೂರು ದೋಸೆ ಆಗ್ತದೆ ಕಣಪ್ಪ. ಮುಳಬಾಗಿಲು ದೋಸೆ ಹೆಂಗಾಗ್ತದೆ?" ಎಂದರು. ನಾನು ಬಾಯಿ ಮುಚ್ಚಿಕೊಂಡು ಗಾಡಿಯನ್ನು ಲಿಫ್ಟಿಗೆ ಏರಿಸಿದೆ.

ಕೆಳಗೆ ನೋಡಿದರೆ ಕಾರಣ ಕಣ್ಣಿಗೆ ಹೊಡೆಯುವಂತಿತ್ತು. ಬುಷ್‌ಗಳು ಸತ್ತಿದ್ದವು. ಬುಷ್ ಎಂದರೇನೆಂದು ಒಂದು ಮಾತು ಹೇಳಿಬಿಡುತ್ತೇನೆ. ಚಕ್ರವನ್ನು ಹಿಡಿದಿರುವ ಕಬ್ಬಿಣದ ಆರ್ಮು ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ ಸೇರುವ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು. ಹಾಗಾಗಿ ನಡುವೆ ರಬ್ಬರಿನ ಒಂದು ಬಿಲ್ಲೆ ಇರುತ್ತದೆ, ಹೆಬ್ಬೆರಳ ದಪ್ಪದ್ದು. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ, ಎರಡರ ನಡುವೆ ಅಂಟಿಕೊಂಡಿರುವ ರಬ್ಬರು. ಒಳಗಿನ ಕೊಳವೆಯಲ್ಲಿ ಬೋಲ್ಟು ತೂರಿ ಬಿಗಿಯುತ್ತಾರೆ. ಚಕ್ರ ಹಳ್ಳಕ್ಕಿಳಿದು ಮೇಲೆದ್ದಾಗಲೆಲ್ಲ ಆ ರಬ್ಬರು ಅತ್ತಿತ್ತ ತಿರುಚಿಕೊಂಡು ಪೆಟ್ಟನ್ನು ನುಂಗುತ್ತದೆ. ಈ ವ್ಯಾನಿನಲ್ಲಿ ಅಂಥವು ಮುಂದಿನ ಎರಡು ಲೋಯರ್ ಆರ್ಮುಗಳಲ್ಲಿ ನಾಲ್ಕು, ಹಿಂದಿನ ಆಕ್ಸಲನ್ನು ಹಿಡಿದ ಮೂರು ಲಿಂಕ್ ರಾಡುಗಳಲ್ಲಿ ಆರು. ಒಟ್ಟು ಹತ್ತು. ಹತ್ತೂ ಬಿರುಕುಬಿಟ್ಟು ಕರಿ ಪುಡಿ ಉದುರಿಸುತ್ತಿದ್ದವು.

ಕಂಪನಿಯವರಲ್ಲಿ ವಿಚಾರಿಸಿದರೆ ಈ ಹಳೆಯ ಮಾಡೆಲಿಗೆ ಬರಿ ಬುಷ್ ಸಿಗುವುದಿಲ್ಲ, ಇಡೀ ಆರ್ಮೇ ತರಿಸಬೇಕು, ಅದೂ ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಹೊರಗಿನ ತಯಾರಿಕೆಯದನ್ನೇ, ಅಂದರೆ ಆಫ್ಟರ್‌ಮಾರ್ಕೆಟ್ ಮಾಲನ್ನೇ ಹಾಕಬೇಕಾಯಿತು. ಕೋಲಾರದ ಅಂಗಡಿಯಿಂದ ಮೂರು ಬಗೆ ತರಿಸಿದೆ. ಒಂದು ಹಳೆಯ ಟೈರಿನ ರಬ್ಬರನ್ನೇ ಕರಗಿಸಿ ಮಾಡಿದ ಅಗ್ಗದ ಸೆಟ್. ಇನ್ನೊಂದು ಒಳ್ಳೆಯ ಹೊಸ ರಬ್ಬರಿನದು. ಮೂರನೆಯದು ಪಾಲಿಯುರೆಥೇನ್, ಅರಿಶಿನದ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನಂಥದು. ಅದು ರಬ್ಬರಿಗಿಂತ ಎಷ್ಟೋ ಪಟ್ಟು ಬಾಳಿಕೆ ಬರುತ್ತದೆ, ತಿರುವಿನಲ್ಲಿ ಗಾಡಿ ಅಲುಗದು, ಜೋರಾಗಿ ಓಡಿಸುವವರು ಅದನ್ನೇ ಕೇಳುತ್ತಾರೆ. ನನಗೂ ಅದರ ಮೇಲೇ ಕಣ್ಣು. ಬುಷ್‌ನ ಗಟ್ಟಿತನ ಅಳೆಯುವ ಡ್ಯುರೋಮೀಟರ್ ಎಂಬ ಸಣ್ಣ ಮೀಟರು ನನ್ನ ಬಳಿ ಇತ್ತು. ಅದನ್ನು ಒತ್ತಿ ತೋರಿಸಿದೆ. ರಬ್ಬರು ಅರುವತ್ತೆರಡು, ಪಾಲಿ ಎಂಬತ್ತೆಂಟು.

ರತ್ನಕ್ಕ ಮೀಟರಿನ ಕಡೆ ನೋಡಲೇ ಇಲ್ಲ. ಮೂರನ್ನೂ ಒಂದೊಂದಾಗಿ ಕೈಗೆ ತೆಗೆದುಕೊಂಡು, ನೆನೆಹಾಕಿದ ಉದ್ದಿನಬೇಳೆಯನ್ನು ಹಿಚುಕಿ ನೋಡುವಂತೆ ಹೆಬ್ಬೆರಳಿನಲ್ಲಿ ಒತ್ತಿದರು. ಅಗ್ಗದ್ದನ್ನು ಮೂಸಿ ಕೆಳಗಿಟ್ಟರು. ಅರಿಶಿನದ್ದನ್ನು ಒತ್ತಿ, "ಇದು ಕಲ್ಲು. ನನ್ನ ಹಿಟ್ಟಿಗೆ ಬ್ಯಾಡ" ಎಂದರು. ನಡುವಿನ ಹೊಸ ರಬ್ಬರನ್ನು ನನ್ನ ಕೈಗಿಟ್ಟರು. ಅವರು ಆರಿಸಿದ್ದು ಸರಿಯಾಗಿಯೇ ಇತ್ತು. ಪಾಲಿ ಬುಷ್ ಪೆಟ್ಟನ್ನು ತಡೆಯುತ್ತದೆ, ಆದರೆ ರಸ್ತೆಯ ಸಣ್ಣ ನಡುಕವನ್ನೆಲ್ಲ ಹಾಗೇ ಮೇಲಕ್ಕೆ ದಾಟಿಸುತ್ತದೆ. ಹಿಟ್ಟನ್ನು ಕೆಡಿಸುವುದು ಆ ಸಣ್ಣ ನಡುಕವೇ. ಹದಿನೇಳು ವರ್ಷದ ಅನುಭವಸ್ಥ ನಾನು, ಆರಿಸಿದ್ದು ಅವರ ಹೆಬ್ಬೆರಳು.

ಕೆಲಸಕ್ಕೆ ಒಂದೂವರೆ ದಿನ ಹಿಡಿಯಿತು. ಆರ್ಮುಗಳನ್ನು ಬಿಚ್ಚಿ, ಹಳೆಯ ಬುಷ್‌ಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಹೊರಕ್ಕೆ ತಳ್ಳಿದೆ. ತೂತುಗಳ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ತೆಗೆದೆ. ಹೊಸದಕ್ಕೆ ಆಯಿಲ್ ಸವರಬಾರದು, ರಬ್ಬರು ಊದಿಕೊಳ್ಳುತ್ತದೆ. ಸಾಬೂನು ನೀರು ಹಚ್ಚಿ ಸಮನಾಗಿ ಒತ್ತಿ ಕೂರಿಸಿದೆ. ಆಮೇಲೆ ಲಿಫ್ಟಿನಲ್ಲಿ ಏರಿಸಿದ ಗಾಡಿಯ ಕೆಳಗೆ ಆರಾಮಾಗಿ ನಿಂತುಕೊಂಡು, ಬೆನ್ನು ಬಗ್ಗಿಸದೆ, ಹತ್ತು ಬೋಲ್ಟುಗಳನ್ನೂ ಟಾರ್ಕ್ ವ್ರೆಂಚಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿದೆ. ಬಿಗಿ ಸರಿಯಾದಾಗ ಆ ವ್ರೆಂಚು ಟಕ್ ಎನ್ನುತ್ತದೆ. ಹತ್ತು ಸಲ ಟಕ್ ಎಂದಾಗ ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕಿತು. ಚಲಪತಣ್ಣ ಬೈಪಾಸಿನವರೆಗೆ ಒಂದು ಸುತ್ತು ಓಡಿಸಿಕೊಂಡು ಬಂದರು. "ಹೆಂಗಿದೆ ಅಣ್ಣಾ?" ಎಂದೆ. "ಚೆನ್ನಾಗೈತೆ ಕಣಪ್ಪ" ಎಂದರು. ಕಡಕಡ ಸದ್ದಂತೂ ಇರಲಿಲ್ಲ.

ಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ರತ್ನಕ್ಕ ಒಬ್ಬರೇ ಆಟೋದಲ್ಲಿ ಬಂದಿಳಿದರು. ಮುಖ ಸಪ್ಪಗಿತ್ತು. ಹಿಂದಿನ ದಿನ ಮಾಲೂರಿನಲ್ಲಿ ಒಂದು ಮದುವೆ. ಆರು ಡ್ರಮ್ಮು ಹಿಟ್ಟೂ ದಾರಿಯಲ್ಲೇ ಇಳಿದುಹೋಗಿತ್ತಂತೆ. ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯ ಮುಂದೆ ಕೂತು, ದೋಸೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನಮ್ಮಾ ಮುಳಬಾಗಿಲು ದೋಸೆ?" ಎಂದರಂತೆ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರಂತೆ. ಅದು ಮೊದಲನೆಯ ಸಲವಲ್ಲ, ಮೂರು ತಿಂಗಳಿಂದ ಹೀಗೆಯೇ ನಡೆದಿತ್ತು.

"ಅವ್ರ ಕೈ ಕೆಟ್ಟೋಯ್ತು ಷಫಿ" ಎಂದರು. "ಬಸ್ ಓಡ್ಸಿದಂಗೆ ಓಡಿಸ್ತಾರೆ. ದಿನಾ ಬೈದೂ ಬೈದೂ ನನ್ನ ಬಾಯೂ ಕೆಟ್ಟೋಯ್ತು. ಒಬ್ಬ ಒಳ್ಳೆ ಡ್ರೈವರ್‌ನ ನೋಡಪ್ಪ. ಅವ್ರನ್ನ ಇನ್ನು ಸ್ಟೀರಿಂಗ್‌ಗೆ ಕೂರ್ಸಲ್ಲ."

ಆಗ ನಾನು ಆಡಿದ ಮಾತನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. "ವಯಸ್ಸಾಯ್ತಲ್ವಾ ಅಕ್ಕ" ಎಂದುಬಿಟ್ಟೆ. ಗಾಡಿಯನ್ನು ಒಮ್ಮೆ ತನ್ನಿ ನೋಡೋಣ ಎನ್ನಬೇಕಿತ್ತು. ಹೊಸ ಬುಷ್ ಹಾಕಿ ಮೂರೇ ತಿಂಗಳು, ಹಾಕಿದವನು ನಾನು, ಅದರಲ್ಲಿ ತಪ್ಪಿರಬಹುದೆಂಬ ಯೋಚನೆ ನನ್ನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ನನಗೆ ಗುರುತಿದ್ದ ಒಬ್ಬ ಡ್ರೈವರನ್ನು ಗೊತ್ತುಮಾಡಿಯೂ ಕೊಟ್ಟೆ.

ಆ ವಾರವೇ ವ್ಯಾನು ನನ್ನ ಗ್ಯಾರೇಜಿನ ಮುಂದೆ ಹಾದುಹೋಯಿತು. ಸ್ಟೀರಿಂಗಿನಲ್ಲಿ ಹೊಸ ಡ್ರೈವರು, ಪಕ್ಕದಲ್ಲಿ ರತ್ನಕ್ಕ. ಹಿಂದೆ ಡ್ರಮ್ಮುಗಳ ನಡುವೆ ಕಾಲು ಮಡಚಿಕೊಂಡು ಚಲಪತಣ್ಣ ಕೂತಿದ್ದರು, ಅಲುಗಾಡದಿರಲೆಂದು ಎರಡು ಡ್ರಮ್ಮುಗಳ ಮುಚ್ಚಳಗಳ ಮೇಲೆ ಎರಡೂ ಕೈ ಇಟ್ಟುಕೊಂಡು. ಮೂವತ್ತೊಂದು ವರ್ಷ ಐವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಾಡಿದ ಮನುಷ್ಯ. ನನ್ನನ್ನು ನೋಡಿ ಕೈ ಎತ್ತಲು ಹೋಗಿ, ಮುಚ್ಚಳ ಅಲುಗಿತೆಂದು ಮತ್ತೆ ಕೈ ಇಳಿಸಿದರು.

ಮಾರನೆಯ ಬೆಳಿಗ್ಗೆ ಹೊಸ ಡ್ರೈವರು ವ್ಯಾನನ್ನು ತಂದು ನಿಲ್ಲಿಸಿದ. ಅವನಿಗೆ ನನ್ನ ಮೇಲೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. "ನಿನ್ನೆನೂ ಹಿಟ್ಟು ಇಳೀತು. ಇದ್ರ ಕೆಳಗೇನೋ ಸರಿ ಇಲ್ಲ ಅಣ್ಣ. ಗಾಡಿ ಕುಣೀತದೆ. ಮುದುಕಪ್ಪ ಹೆಂಗೆ ಓಡ್ಸಿದ್ನೋ" ಎಂದು ನೇರವಾಗಿ ಹೇಳಿದ. ಲಿಫ್ಟಿಗೇರಿಸಿ ಟಾರ್ಚ್ ಹಿಡಿದರೆ, ಮೂರು ತಿಂಗಳ ಹಿಂದೆ ನಾನೇ ಕೂರಿಸಿದ ಹತ್ತು ಬುಷ್‌ಗಳಲ್ಲಿ ಆರು ಹರಿದಿದ್ದವು. ರಬ್ಬರು ಕೊಳವೆಯಿಂದ ಕಿತ್ತು ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆ ಚಲಪತಣ್ಣನ ಬೆನ್ನ ಮೇಲೆ ಬಿದ್ದಿತ್ತು.

ಆದರೂ ತಪ್ಪು ನನ್ನದೆಂದು ಒಪ್ಪಲು ಮನಸ್ಸು ತಯಾರಿರಲಿಲ್ಲ. ಕೋಲಾರದ ಅಂಗಡಿಯವರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ತಣ್ಣಗೆ, "ಅದೇ ಮಾಲು ಇನ್ನೂ ಎಷ್ಟೋ ಗ್ಯಾರೇಜಿಗೆ ಹೋಗಿದೆ ಸಾಬ್ರೇ, ಬೇರೆ ಯಾರೂ ಮಾತಾಡ್ತಿಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಮಾತನ್ನು ಅವರು ಹೇಳಲಿಲ್ಲ, ನನಗೇ ಕೇಳಿಸಿತು. ಹರಿದ ಬುಷ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಅಲ್ಲಿ ಮಗಳ ಮನೆಯಲ್ಲಿ ನನ್ನ ಉಸ್ತಾದರು ಕರೀಂ ಸಾಬರು ಇದ್ದರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು, ಬೆರಳುಗಳು ಮಾತ್ರ ಮೊದಲಿನಂತೆಯೇ ಚುರುಕು. ಬುಷ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಹರಿದ ಗೆರೆಯ ಮೇಲೆ ಉಗುರು ಓಡಿಸಿದರು. ಎಲ್ಲವೂ ಒಂದೇ ದಿಕ್ಕಿಗೆ ತಿರುಚಿಕೊಂಡು ಹರಿದಿದ್ದವು. ಬುಷ್ ಯಾವ ಅಂಗಡಿಯದು, ಯಾವ ಕಂಪನಿಯದು ಎಂದು ಅವರು ಕೇಳಲೇ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ, ನಮ್ಮ ಮನೆಮಾತಿನಲ್ಲಿ.

"ಗಡ್ಡಾ ಬಂದ್ ಕರ್ ದಿಯಾ ಕ್ಯಾ ರೇ?"

ಗುಂಡಿ ಮುಚ್ಚಿಬಿಟ್ಟೆಯೇನೋ ಎಂದು. ಹೌದೆಂದೆ. ಲಿಫ್ಟ್ ಹಾಕಿಸಿದ್ದೇನೆ ಎಂದೆ. ಅವರು ತಮ್ಮ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದು ತಿರುಚಿ ತೋರಿಸಿದರು. ಅಷ್ಟರಲ್ಲೇ ನನಗೆ ಎಲ್ಲ ಹೊಳೆಯಿತು.

ಲಿಫ್ಟಿನ ಮೇಲೆ ಚಕ್ರಗಳು ಜೋಲುಬಿದ್ದಿರುತ್ತವೆ, ಆರ್ಮುಗಳು ಕೆಳಮುಖವಾಗಿರುತ್ತವೆ. ಆ ಸ್ಥಿತಿಯಲ್ಲಿ ಬೋಲ್ಟು ಬಿಗಿದರೆ ರಬ್ಬರು ಅದನ್ನೇ ತನ್ನ ನೆಟ್ಟನೆಯ ಸ್ಥಿತಿ ಎಂದುಕೊಳ್ಳುತ್ತದೆ. ಗಾಡಿಯನ್ನು ನೆಲಕ್ಕಿಳಿಸಿದ ಕೂಡಲೇ ಆರ್ಮು ಮೇಲೇಳುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ಅದರ ಮೇಲೆ ಮುನ್ನೂರು ಕೆಜಿ ಹಿಟ್ಟು, ಒಲೆ, ಸಿಲಿಂಡರು ಹೇರಿದರೆ ಇನ್ನಷ್ಟು ತಿರುಚುತ್ತದೆ. ಕತ್ತು ತಿರುಗಿಸಿಕೊಂಡೇ ಮಲಗಿದವನ ಪಾಡು. ನಿಂತಲ್ಲೇ ಅರ್ಧ ಜೀವ ಹೋಗಿರುವ ಬುಷ್ ರಸ್ತೆಯ ಪೆಟ್ಟನ್ನು ಎಲ್ಲಿ ನುಂಗೀತು? ಮೊದಲ ದಿನದಿಂದಲೇ ಗಾಡಿ ಸೆಡೆದುಕೊಂಡಿರುತ್ತದೆ, ಕೊನೆಗೆ ರಬ್ಬರು ಹರಿಯುತ್ತದೆ. ಗುಂಡಿಯ ಕಾಲದಲ್ಲಿ ಈ ತಪ್ಪು ಮಾಡಬೇಕೆಂದರೂ ಸಾಧ್ಯವಿರಲಿಲ್ಲ, ಗಾಡಿ ತನ್ನ ಕಾಲ ಮೇಲೆ ತಾನೇ ನಿಂತಿರುತ್ತಿತ್ತು. ಹದಿನೇಳು ವರ್ಷ ಸರಿಯಾಗಿ ಮಾಡಿದ್ದೆ ನಿಜ, ಸರಿಯಾಗಿ ಮಾಡುತ್ತಿದ್ದೇನೆಂದು ತಿಳಿಯದೆಯೇ.

ಉಸ್ತಾದರು ಇನ್ನೊಂದು ಮಾತು ನೆನಪಿಸಿದರು. ಅವರ ಕಾಲದಲ್ಲಿ ಕೊನೆಯ ಬಿಗಿತಕ್ಕೆ ಮುಂಚೆ ಗಾಡಿಯ ಯಜಮಾನರನ್ನು ಕರೆದು, "ಕೂತ್ಕೊಳ್ಳಿ, ಮನೆಯವ್ರನ್ನೂ ಕೂರ್ಸಿ" ಎನ್ನುತ್ತಿದ್ದರು. ಗಿರಾಕಿಗಳು ಅದನ್ನು ದೊಡ್ಡ ಮರ್ಯಾದೆ ಎಂದುಕೊಂಡು ಹೆಂಡತಿ ಮಕ್ಕಳ ಸಮೇತ ಹತ್ತಿ ಕೂರುತ್ತಿದ್ದರು. ನಾನೂ ಅದು ಮರ್ಯಾದೆಗಾಗಿಯೇ ಎಂದುಕೊಂಡಿದ್ದೆ. ಸ್ವಂತ ಗ್ಯಾರೇಜು ತೆರೆದಾಗ, ಇದೆಲ್ಲ ಹಳೇ ಕಾಲದ ಉಪಚಾರ ಎಂದು ಕೈಬಿಟ್ಟಿದ್ದೆ. ಗಾಡಿ ದಿನವೂ ಯಾವ ಭಾರ ಹೊರುತ್ತದೋ ಅದೇ ಭಾರದಲ್ಲಿ ಬಿಗಿಯಬೇಕು ಎಂಬುದು ಅದರ ಅರ್ಥ. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ವಾಪಸು ಬಂದವನು ಮನೆಗೂ ಹೋಗದೆ ನೇರ ರತ್ನಕ್ಕನ ಮನೆಗೆ ಹೋದೆ. ಅವರು ಗ್ರೈಂಡರ್ ತೊಳೆಯುತ್ತಿದ್ದರು. ಚಲಪತಣ್ಣ ಮೊರದಲ್ಲಿ ಉದ್ದಿನ ಕಲ್ಲು ಆರಿಸುತ್ತಾ ಕೂತಿದ್ದರು. ದಾರಿಯಲ್ಲಿ ಏನೇನೋ ನಯವಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರ ಮುಖ ನೋಡಿದಾಗ ಯಾವುದೂ ಬಾಯಿಗೆ ಬರಲಿಲ್ಲ. "ಅಕ್ಕ, ತಪ್ಪು ನಂದು. ಅಣ್ಣನ ಕೈ ಚೆನ್ನಾಗೇ ಇದೆ. ನಾನು ಬುಷ್ ಬಿಗಿದಿದ್ದು ತಪ್ಪು" ಎಂದು ಒಂದೇ ಉಸಿರಿಗೆ ಹೇಳಿದೆ.

ರತ್ನಕ್ಕ ನಲ್ಲಿ ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಗಂಡನ ಕಡೆ ನೋಡುತ್ತಾ ನಿಂತರು. "ನೀನು ತಪ್ಪು ಮಾಡಿದ್ದು ಒಂದು ದಿನ ಕಣಪ್ಪ" ಎಂದರು ಕೊನೆಗೆ. "ನಾನು ಮೂರು ತಿಂಗ್ಳು ಮಾಡಿದೆ." ಚಲಪತಣ್ಣ ಮೊರದಿಂದ ತಲೆ ಎತ್ತದೆಯೇ, "ಹೋಗ್ಲಿ ಬಿಡು, ಗುರುವಾರ ಲಕ್ಕೂರು ಮದ್ವೆ ಐತೆ. ಅಷ್ಟ್ರಲ್ಲಿ ರಿಪೇರಿ ಮಾಡು" ಎಂದರು.

ಗುರುವಾರದೊಳಗೆ ಹೊಸ ಬುಷ್ ತರಿಸಿ ಕೂರಿಸಿದೆ. ಬೋಲ್ಟುಗಳನ್ನು ಕೈಬಿಗಿಗೆ ಮಾತ್ರ ತಿರುಗಿಸಿ ಬಿಟ್ಟೆ. ಕೊನೆಯ ಬಿಗಿತಕ್ಕೆ ಗಾಡಿ ಚಕ್ರದ ಮೇಲೆ ನಿಂತಿರಬೇಕು, ನಾನು ಅದರ ಕೆಳಗಿರಬೇಕು. ನನ್ನ ಗುಂಡಿಯನ್ನು ನಾನೇ ಮುಚ್ಚಿದ್ದೆ. ನಾಲ್ಕು ಅಂಗಡಿ ಆಚೆಯ ಲಾರಿ ಗ್ಯಾರೇಜಿಗೆ ಹೋಗಿ, ಅರ್ಧ ಗಂಟೆ ನಿಮ್ಮ ಗುಂಡಿ ಬೇಕು ಎಂದು ಕೇಳಿದೆ. ಅದರ ಮಾಲೀಕ ಹಲ್ಲು ಕಿರಿಯುತ್ತಾ, "ಯಾಕೆ ಸಾ, ಲಿಫ್ಟ್‌ಗೆ ಚೇಳು ಬಂತಾ?" ಎಂದ.

ಲಕ್ಕೂರಿನದು ಸಂಜೆಯ ಆರತಕ್ಷತೆ. ಭಾರಕ್ಕೆ ಡ್ರಮ್ಮುಗಳಲ್ಲಿ ನೀರು ತುಂಬಿಸೋಣ ಎಂದೆ. ರತ್ನಕ್ಕ ಒಪ್ಪಲಿಲ್ಲ. "ಗಾಡಿ ಹೊರೋದು ಹಿಟ್ಟು, ಹಿಟ್ಟೇ ಇರ್ಲಿ" ಎಂದು ಅಂದಿನ ಸಂಜೆಗೆಂದು ಹುದುಗಿದ್ದ ಆರು ಡ್ರಮ್ಮನ್ನೂ, ಒಲೆ, ಕಾವಲಿಗಳನ್ನೂ ಹೇರಿಸಿಕೊಂಡೇ ಮಧ್ಯಾಹ್ನ ಆಳು ನಡೆಯುವ ವೇಗದಲ್ಲಿ ಬಂದರು. ಲಾರಿ ಗುಂಡಿಯ ಮೇಲೆ ವ್ಯಾನು ನಿಂತಿತು. ಸ್ಟೀರಿಂಗಿನಲ್ಲಿ ಚಲಪತಣ್ಣ, ಪಕ್ಕದಲ್ಲಿ ರತ್ನಕ್ಕ. ಇಬ್ಬರೂ ಇಳಿಯಬೇಡಿ, ನಿಮ್ಮ ತೂಕವೂ ಲೆಕ್ಕಕ್ಕಿದೆ ಎಂದು ಹೇಳಿ ನಾನು ವ್ರೆಂಚು ಹಿಡಿದು ಗುಂಡಿಗೆ ಇಳಿದೆ. ಮುಂದಿನ ನಾಲ್ಕು ಮುಗಿಸಿ ಹಿಂದಕ್ಕೆ ಸರಿದೆ. ಮೇಲೆ ಎಂಜಿನ್ ನಿಂತಿತ್ತು, ಕಿಟಕಿ ತೆರೆದಿತ್ತು. ಕೆಳಗೊಬ್ಬ ಮನುಷ್ಯ ಇದ್ದಾನೆಂಬುದು ಇಬ್ಬರಿಗೂ ಮರೆತುಹೋಗಿತ್ತೆಂದು ಕಾಣುತ್ತದೆ.

"ಏಮಯ್ಯಾ" ಎಂದರು ರತ್ನಕ್ಕ. "ಮೂವತ್ತೊಂದು ವರ್ಷ ಬಸ್ ಓಡ್ಸಿದೋನು ನೀನು. ಗಾಡಿ ಸರಿ ಇಲ್ಲ ಅಂತ ನಿನಗೆ ಗೊತ್ತಾಗ್ಲಿಲ್ವಾ?"

ಕೆಳಗೆ ನಾನು ವ್ರೆಂಚು ತಿರುಗಿಸುವುದನ್ನು ನಿಲ್ಲಿಸಿದೆ.

"ಗೊತ್ತಾಯ್ತು. ಮೊದಲ್ನೇ ದಿನಾನೇ ಗೊತ್ತಾಯ್ತು" ಎಂದರು ಚಲಪತಣ್ಣ. "ರಬ್ಬರು ಪಳಗಿದ್ರೆ ಸರಿಹೋಗ್ತದೆ ಅಂದ್ಕೊಂಡೆ. ಹೋಗ್ಲಿಲ್ಲ."

"ಮತ್ತೆ ಯಾಕೆ ಬಾಯ್ಬಿಡ್ಲಿಲ್ಲ? ಮೂರು ತಿಂಗ್ಳು ನನ್ನ ಕೈಲಿ ಬೈಸ್ಕೊಂಡ್ಯಲ್ಲ! ಡ್ರಮ್ ಹಿಡ್ಕೊಂಡು ಹಿಂದೆ ಕೂತ್ಯಲ್ಲ!"

"ಆಗ ತಾನೆ ಲಿಫ್ಟ್ ಹಾಕ್ಸಿದ್ದ ಅವ್ನು. ಊರಿಗೆಲ್ಲ ತೋರಿಸ್ತಾ ಇದ್ದ. ಅದ್ರ ಮೇಲೆ ಮೊದಲ್ನೇ ಕೆಲ್ಸ ನಮ್ದೇ. ಸರಿ ಇಲ್ಲ ಅಂತ ನಾನು ಅಂದಿದ್ರೆ ನೀನು ಸುಮ್ನೆ ಇರ್ತಿದ್ಯಾ? ಮದ್ವೆ ಮನೆಗಳಲ್ಲೆಲ್ಲ ಹೇಳ್ಕೊಂಡ್ ಬರ್ತಿದ್ದೆ. ನನ್ನ ಹೆಸ್ರು ಕೆಟ್ರೆ ನಮ್ಮ ಅಡುಗೆಮನೇಲಿ ಇರ್ತದೆ ರತ್ನಾ. ಅವ್ನ ಹೆಸ್ರು ಕೆಟ್ರೆ ನಂಗಲಿ ದಾಟ್ತದೆ."

ನಂಗಲಿ ದಾಟಿದರೆ ಆಂಧ್ರ. ಅಲ್ಲಿಯವರೆಗೂ ಹೋಗಬೇಕಾಗಿದ್ದ ನನ್ನ ತಪ್ಪನ್ನು ಈ ಮನುಷ್ಯ ಮೂರು ತಿಂಗಳು ತನ್ನ ಮನೆಯ ಹೊಸಿಲೊಳಗೆ ಹಿಡಿದಿಟ್ಟುಕೊಂಡಿದ್ದರು. "ಪಿಚ್ಚಿ ಮನಿಷಿ" ಎಂದರು ರತ್ನಕ್ಕ ತೆಲುಗಿನಲ್ಲಿ. ಹುಚ್ಚು ಮನುಷ್ಯ ಎಂದು ಅದರ ಅರ್ಥ. ಅಷ್ಟು ಪ್ರೀತಿಯಿಂದ ಆ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗುಂಡಿಯಲ್ಲಿ ನಿಂತ ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಿ ಕಣ್ಣಿಗೆಲ್ಲ ಗ್ರೀಸು ಮೆತ್ತಿತು. ಹಾಗೂ ಹೀಗೂ ಕೆಲಸ ಮುಗಿಸಿ ಮೇಲೆ ಬಂದೆ. ಏನೂ ಕೇಳಿಸದವನಂತೆ, "ಒಂದು ಸುತ್ತು ಹೋಗ್ಬನ್ನಿ ಅಣ್ಣಾ" ಎಂದೆ.

ಸರ್ವೀಸ್ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ ಬಂದು, ಚಲಪತಣ್ಣ ಗಾಡಿಯನ್ನು ಮತ್ತೆ ಗುಂಡಿಯ ಮೇಲೆಯೇ ತಂದು ನಿಲ್ಲಿಸಿದರು. ರತ್ನಕ್ಕ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರು. ಹಿಟ್ಟು ಕಂಠದ ಮಟ್ಟದಲ್ಲೇ ಇತ್ತು. ಅವರ ಮುಖ ಅರಳಿತು. ನಾನು ಎಂದಿನಂತೆ ಕಿಟಕಿಯ ಬಳಿ ಹೋಗಿ ಕೇಳಿದೆ.

"ಹೆಂಗಿದೆ ಅಣ್ಣಾ?"

ಚಲಪತಣ್ಣ ಹೆಂಡತಿಯ ಮುಖ ನೋಡಿದರು, ಆಮೇಲೆ ಗ್ರೀಸು ಮೆತ್ತಿದ ನನ್ನ ಮುಖ ನೋಡಿದರು.

"ಹಿಂದೆ ಎಡಗಡೆ ಒಂದು ಬೋಲ್ಟು ಬಿಟ್ಟಿದ್ದೀಯ ಕಣೋ. ಟಿಕ್ ಟಿಕ್ ಅಂತೈತೆ. ನೆಟ್ಟಗೆ ಬಿಗಿ."

ಅಷ್ಟು ವರ್ಷದ ಪರಿಚಯದಲ್ಲಿ ಅವರು ನನ್ನನ್ನು ಕಣಪ್ಪ ಎಂದಿದ್ದರೇ ಹೊರತು ಕಣೋ ಎಂದವರಲ್ಲ. ಗುಂಡಿಗಿಳಿದು ನೋಡಿದೆ. ಹಿಂದಿನ ಎಡಗಡೆಯ ಲಿಂಕಿನ ಬೋಲ್ಟು ಇನ್ನೂ ಕೈಬಿಗಿಯಲ್ಲೇ ಇತ್ತು. ಅವರ ಮಾತು ಕೇಳುತ್ತಾ ಮೈಮರೆತು ಬಿಟ್ಟಿದ್ದೆ. ಬಿಗಿದೆ. ಬೈಸಿಕೊಂಡು ಅಷ್ಟು ಹಗುರಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆ ಸಂಜೆ ಲಕ್ಕೂರಿನಲ್ಲಿ ಜನ ಕೇಳಿ ಕೇಳಿ ಹಾಕಿಸಿಕೊಂಡು ದೋಸೆ ಸಾಲದೆ ಬಂದಿತಂತೆ. ವ್ಯಾನು ಇವತ್ತಿಗೂ ಚಲಪತಣ್ಣನ ಕೈಯಲ್ಲೇ ಓಡುತ್ತಿದೆ, ಬುಷ್‌ಗಳು ಎರಡು ವರ್ಷ ದಾಟಿದವು. ನನ್ನ ಗ್ಯಾರೇಜಿನಲ್ಲಿ ಲಿಫ್ಟಿನ ಪಕ್ಕ ಹೊಸ ಗುಂಡಿ ತೋಡಿಸಿದ್ದೇನೆ. ಬುಷ್ ಕೆಲಸಕ್ಕೆ ಬಂದವರು ತಮ್ಮ ಭಾರ, ತಮ್ಮ ಜನ ಸಮೇತ ಗಾಡಿಯಲ್ಲಿ ಕೂತ ಮೇಲೆಯೇ ಕೊನೆಯ ಬಿಗಿತ. ಅದು ಕೆಲಸದ ಪಾಠ, ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದ್ದು ಚಲಪತಣ್ಣ ಕಲಿಸಿದ್ದು. ಚೆನ್ನಾಗಿದೆ ಎಂದು ಹೇಳಿ ಹೋಗುವ ಗಿರಾಕಿ ನಮ್ಮ ಮುಖ ನೋಡಿ ಹೇಳುತ್ತಿರಬಹುದು, ನಮ್ಮನ್ನು ಕಾಯುತ್ತಿರಬಹುದು. ಕೆಟ್ಟಿದೆ ಎಂದು ನಮ್ಮ ಮುಖಕ್ಕೇ ಹೇಳಬೇಕಾದರೆ ಅವರಿಗೆ ನಮ್ಮ ಮೇಲೆ ಸಲಿಗೆ ಬೇಕು, ನಂಬಿಕೆ ಬೇಕು. ಅದನ್ನು ಸಂಪಾದಿಸದ ಮೆಕ್ಯಾನಿಕ್ಕಿಗೆ ತನ್ನ ತಪ್ಪು ಕೊನೆಯವರೆಗೂ ಗೊತ್ತಾಗುವುದಿಲ್ಲ. ಈಗ ಪ್ರತಿಯೊಬ್ಬ ಡ್ರೈವರನ್ನೂ ಎರಡು ಸಲ ಕೇಳುತ್ತೇನೆ. ಚಲಪತಣ್ಣನನ್ನು ಮಾತ್ರ ಕೇಳಬೇಕಾಗಿಲ್ಲ. ಬಂದಾಗಲೆಲ್ಲ ಏನಾದರೊಂದು ತಪ್ಪು ಹೇಳಿಯೇ ಹೋಗುತ್ತಾರೆ. ಹೇಳದೆ ಹೋದ ದಿನ ನನಗೇ ಅನುಮಾನ ಹತ್ತಿ, ಓಡಿಹೋಗಿ ಗಾಡಿಗೆ ಅಡ್ಡ ನಿಲ್ಲುತ್ತೇನೆ.